ಸ್ಟ್ರಾಸ್‌ಬರ್ಗ್ ಕೆಥೆಡ್ರಲ್: ಗಡಿಯಾರದ ಹೊತ್ತು ನೋಡಿಕೊಂಡು ಹೋಗಿ

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದವರು ಸಾಮಾನ್ಯವಾಗಿ ಕೆಥೆಡ್ರಲ್ ಮುಂದೆ ಫೋಟೊ ತೆಗೆದು, ಒಳಗೆ ಒಂದು ಸುತ್ತು ಹಾಕಿ ಬಂದುಬಿಡುತ್ತಾರೆ. ನಾನು ಒಂದು ಇಡೀ ದಿನ ಅದಕ್ಕೇ ಇಟ್ಟಿದ್ದೆ.

ಬೆಳಿಗ್ಗೆ ಜನ ಸೇರುವ ಮೊದಲೇ ಮೇಲೆ ಹತ್ತಿದೆ. 332 ಮೆಟ್ಟಿಲು, ಇಕ್ಕಟ್ಟಾದ ಸುರುಳಿ ದಾರಿ. ಮಂಡಿ ನೋವಿರುವವರು ಯೋಚಿಸಿ ಹತ್ತಿ. 66 ಮೀಟರ್ ಎತ್ತರದಲ್ಲಿ ಬಯಲು ಜಾಗ ಸಿಗುತ್ತದೆ. ಅಲ್ಲಿಂದ ಕತ್ತೆತ್ತಿದರೆ ಉತ್ತರದ ಶಿಖರ ಇನ್ನೂ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಒಟ್ಟು 142 ಮೀಟರ್. ಮುಗಿದದ್ದು 1439ರಲ್ಲಿ. 1647ರಿಂದ 1874ರವರೆಗೆ ಇದೇ ಜಗತ್ತಿನ ಅತಿ ಎತ್ತರದ ಕಟ್ಟಡ. ದಕ್ಷಿಣದ ಗೋಪುರಕ್ಕೆ ಶಿಖರ ಕಟ್ಟಲೇ ಇಲ್ಲ. ಎರಡೂ ಇದ್ದಿದ್ದರೆ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಆಮೇಲೆ ಗಡಿಯಾರ. ಇದು ಒಳಗೆ, ಶಿಲುಬೆಯಾಕಾರದ ಕಟ್ಟಡದ ದಕ್ಷಿಣದ ತೋಳಿನಲ್ಲಿದೆ. ಹೊರಗವಚ 16ನೇ ಶತಮಾನದ್ದು. ಈಗ ಓಡುತ್ತಿರುವ ಯಂತ್ರ ಶ್ವಿಲ್ಗೆ ಎಂಬ ಕುಶಲಿ ಮಾಡಿದ್ದು, 1842ರಲ್ಲಿ ಚಾಲೂ ಆಯಿತು. ಮಧ್ಯಾಹ್ನದ ಗೊಂಬೆಗಳ ಮೆರವಣಿಗೆ ನಡೆಯುವುದು 12:30ಕ್ಕೆ, ಯಾಕಂದರೆ ಗಡಿಯಾರ ಆ ಊರಿನ ಸೂರ್ಯನ ಹೊತ್ತನ್ನು ಹಿಡಿಯುತ್ತದೆ, ಅದರಲ್ಲಿ ಹನ್ನೆರಡಾಗುವುದು ಆಗಲೇ. ಅದಕ್ಕೆ ಬೇರೆ ಟಿಕೆಟ್ ಇದೆ. ಮೊದಲು ಒಂದು ಚಿಕ್ಕ ಸಿನಿಮಾ ತೋರಿಸುತ್ತಾರೆ. ಅದನ್ನು ತಪ್ಪಿಸಬೇಡಿ. ಅದು ನೋಡಿದರೆ ಮಾತ್ರ ಯಾವ ಗೊಂಬೆ ಏನು ಮಾಡುತ್ತದೆ ಅಂತ ತಿಳಿಯುತ್ತದೆ. ಕ್ರಿಸ್ತನ ಮುಂದೆ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಹಾದುಹೋಗುತ್ತಾರೆ, ಮೇಲಿನ ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗುತ್ತದೆ.

ಎಲ್ಲರೂ ಹುಂಜವನ್ನೇ ನೋಡುತ್ತಿದ್ದರು. ನನ್ನ ಕಣ್ಣು ಕೆಳಗಿನ ರಥಗಳ ಮೇಲೆ ನಿಂತಿತು. ದಿನಕ್ಕೊಬ್ಬ ದೇವತೆ ಅಲ್ಲಿ ಬರುತ್ತದೆ: ಭಾನುವಾರ ಸೂರ್ಯನ ದೇವತೆ ಅಪೋಲೊ, ಸೋಮವಾರ ಚಂದ್ರನ ದೇವತೆ ಡಯಾನಾ, ಆಮೇಲೆ ಮಂಗಳ, ಬುಧ, ಗುರು, ಶುಕ್ರ, ಶನಿ. ನಮ್ಮ ವಾರಗಳ ಸಾಲೇ ಅಲ್ವಾ! ಇದೇ ಯಂತ್ರ ಪ್ರತಿ ವರ್ಷ ಈಸ್ಟರ್ ಯಾವ ದಿನ ಬರುತ್ತದೆ ಅಂತಲೂ ಲೆಕ್ಕ ಹಾಕುತ್ತದೆ, ಗ್ರಹಗಳ ಸ್ಥಾನ ತೋರಿಸುತ್ತದೆ. ಹಲ್ಲುಚಕ್ರಗಳಲ್ಲಿ ಮಾಡಿದ ಪಂಚಾಂಗ ಇದು. ಎದುರಿಗೇ 13ನೇ ಶತಮಾನದ ದೇವದೂತರ ಕಂಬವಿದೆ. ಜನ ಹೋದ ಮೇಲೆ ಅದರ ಸುತ್ತ ನಿಧಾನವಾಗಿ ನಡೆಯಿರಿ.

ಮುಂಭಾಗ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಅದನ್ನು ಸಂಜೆಗೇ ಇಟ್ಟುಕೊಂಡೆ. ವೋಜ್ ಬೆಟ್ಟಗಳ ನಸುಗೆಂಪು ಮರಳುಗಲ್ಲು ಇಳಿಬಿಸಿಲಿಗೆ ಬಣ್ಣ ಬದಲಿಸುತ್ತದೆ. ಒಳಗೆ ದೊಡ್ಡ ಗುಲಾಬಿ ಕಿಟಕಿ ಬೆಳಗುವುದೂ ಆ ಹೊತ್ತಿಗೇ.

ನಡುವೆ ಬಿಡುವಿದ್ದರೆ ಪಕ್ಕದ ಓವ್ರ್ ನೋತ್ರ್ ದಾಮ್ ಮ್ಯೂಸಿಯಂಗೆ ಹೋಗಿ. ದಕ್ಷಿಣ ಬಾಗಿಲಲ್ಲಿ ಕಾಣುವ ಎಕ್ಲೀಸಿಯಾ (ಕ್ರೈಸ್ತ ಸಭೆಯ ಸಂಕೇತ), ಸಿನಗೋಗ (ಯಹೂದಿ ಧರ್ಮದ ಸಂಕೇತ) ಎಂಬ ಹೆಣ್ಣುಪ್ರತಿಮೆಗಳ ಅಸಲಿ ಕಲ್ಲು ಅಲ್ಲಿದೆ, ಹೊರಗಿರುವುದು ನಕಲು. ಕಟ್ಟಿದವರು ಚರ್ಮದ ಹಾಳೆಯ ಮೇಲೆ ಬರೆದ ನಕ್ಷೆಗಳನ್ನೂ ಆ ಮ್ಯೂಸಿಯಂನವರೇ ಕಾಪಾಡಿಕೊಂಡು ಬಂದಿದ್ದಾರೆ.