ತಾರಸಿ ಸೋಲಾರ್: ಸಬ್ಸಿಡಿ ಬರುವುದು ಕೊನೆಗೆ, ಲೆಕ್ಕ ಹಾಕಬೇಕಾದದ್ದು ಮೊದಲಿಗೆ

ಮನೆಯ ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ ಹಾಕಿಸಿಕೊಂಡರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಡಿ 78,000 ರೂಪಾಯಿಯವರೆಗೆ ಸಹಾಯಧನ ಸಿಗುತ್ತದೆ ಎಂಬುದು ಈಗ ಬಹಳ ಜನರಿಗೆ ಗೊತ್ತು. ಆದರೆ ಇದು ಅಂಗಡಿಯವರು ಬೆಲೆಯಲ್ಲಿ ಕಳೆದುಕೊಡುವ ರಿಯಾಯಿತಿಯಲ್ಲ. ಘಟಕ ಕೂರಿಸಿ, ಜಾಲದಿಂದ ಬಂದ ಮತ್ತು ಜಾಲಕ್ಕೆ ಹೋದ ವಿದ್ಯುತ್ತನ್ನು ಬೇರೆಬೇರೆಯಾಗಿ ಅಳೆಯುವ ನೆಟ್ ಮೀಟರ್ ಹಾಕಿ, ಎಸ್ಕಾಂನವರು (ವಿದ್ಯುತ್ ಸರಬರಾಜು ಕಂಪನಿಯವರು) ಬಂದು ಪರಿಶೀಲಿಸಿದ ಮೇಲೆ ಮಾಲೀಕರ ಬ್ಯಾಂಕ್ ಖಾತೆಗೆ ಜಮೆಯಾಗುವ ಹಣ. ಅಲ್ಲಿಯವರೆಗಿನ ಪೂರ್ತಿ ವೆಚ್ಚವನ್ನು ನಾವೇ ಹೊಂದಿಸಬೇಕು. ಆದ್ದರಿಂದ ಹಣ ಯಾವ ಕ್ರಮದಲ್ಲಿ ಹೋಗಿ ಬರುತ್ತದೆಯೋ ಅದೇ ಕ್ರಮದಲ್ಲಿ ಇಲ್ಲಿ ವಿವರಿಸಲಾಗಿದೆ.

ಮೊದಲು ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್‌ಗಳನ್ನು ಮುಂದಿಟ್ಟುಕೊಂಡು, ಮನೆಗೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬೇಕು ಎಂದು ಬರೆದುಕೊಳ್ಳಿ. ಬಳಕೆ 150 ಯೂನಿಟ್‌ನೊಳಗಿದ್ದರೆ 1ರಿಂದ 2 ಕಿಲೋವಾಟ್, 150ರಿಂದ 300ರವರೆಗೆ ಇದ್ದರೆ 2ರಿಂದ 3 ಕಿಲೋವಾಟ್ ಸಾಕು ಎಂಬುದು ಯೋಜನೆಯದೇ ಸೂಚನೆ. ಒಂದು ಕಿಲೋವಾಟ್ ಘಟಕ ದಿನಕ್ಕೆ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ, ಅದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ನೀರಿನ ಟ್ಯಾಂಕಿನದೋ ಪಕ್ಕದ ಮನೆಯ ತೆಂಗಿನ ಮರದ್ದೋ ನೆರಳು ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದನ್ನು ತಾರಸಿ ಹತ್ತಿ ಕಣ್ಣಾರೆ ನೋಡಿ, ಏಕೆಂದರೆ ಒಂದು ಫಲಕದ ಮೂಲೆಗೆ ಬೀಳುವ ನೆರಳು ಆ ಸಾಲಿನ ಇಡೀ ಉತ್ಪಾದನೆಯನ್ನು ಕುಗ್ಗಿಸಬಲ್ಲದು.

ಇಲ್ಲಿ ಕರ್ನಾಟಕದವರಿಗೆ ಮಾತ್ರ ಅನ್ವಯಿಸುವ ಒಂದು ಪ್ರಶ್ನೆಯಿದೆ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಪಡೆಯುತ್ತಾ ತಿಂಗಳು ತಿಂಗಳೂ ಶೂನ್ಯ ಬಿಲ್ ನೋಡುತ್ತಿರುವ ಮನೆಗೆ ಸೌರ ಘಟಕದಿಂದ ಉಳಿಯುವ ಹಣವೇನೂ ಇಲ್ಲ. ಅಂಥವರು ಸಾಲ ಮಾಡಿ ಇದಕ್ಕೆ ಕೈಹಾಕುವುದರಲ್ಲಿ ಅರ್ಥವಿಲ್ಲ ಎಂದೇ ನನ್ನ ಅಭಿಪ್ರಾಯ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವವರ ಲೆಕ್ಕವೇ ಬೇರೆ.

ಸಹಾಯಧನದ ಸೂತ್ರ ಸರಳವಾಗಿದೆ. ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಂದಾಚೆ ಎಷ್ಟೇ ದೊಡ್ಡ ಘಟಕ ಹಾಕಿದರೂ 78,000 ದಾಟುವುದಿಲ್ಲ. ಹಾಗಾಗಿ ಬಳಕೆ ಕೇಳದಿದ್ದರೆ 5 ಕಿಲೋವಾಟ್ ಹಾಕಿಸಿ ಎಂಬ ಮಾರಾಟಗಾರರ ಮಾತಿಗೆ ಒಪ್ಪಬೇಕಾಗಿಲ್ಲ. ಮನೆ ಬಳಸಿ ಉಳಿದು ಜಾಲಕ್ಕೆ ಹೋಗುವ ವಿದ್ಯುತ್ತಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ. ಘಟಕ ದೊಡ್ಡದಾದಂತೆ ಮಂಜೂರಾದ ಲೋಡ್ (ಮನೆಯ ಸಂಪರ್ಕಕ್ಕೆ ಎಸ್ಕಾಂ ಒಪ್ಪಿದ ಕಿಲೋವಾಟ್ ಮಿತಿ) ಹೆಚ್ಚಿಸಬೇಕಾಗಿ ಬಂದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಇನ್ನು ಸಾಲದ ವಿಚಾರ. 3 ಕಿಲೋವಾಟ್‌ವರೆಗಿನ ಘಟಕಕ್ಕೆ ಬ್ಯಾಂಕುಗಳು ಅಡಮಾನವಿಲ್ಲದೆ 2 ಲಕ್ಷ ರೂಪಾಯಿವರೆಗೆ, ಹತ್ತು ವರ್ಷದ ಅವಧಿಗೆ ಸಾಲ ಕೊಡುತ್ತವೆ. ಇದರ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕಿಂತ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಅರ್ಧ ಪರ್ಸೆಂಟ್ ಮಾತ್ರ ಹೆಚ್ಚು. ಸಾಲದ ಅರ್ಜಿಯನ್ನು ಕೇಂದ್ರ ಸರ್ಕಾರದ ಜನ್ ಸಮರ್ಥ್ ಪೋರ್ಟಲ್ ಮೂಲಕ ಹಾಕಬಹುದು. ಒಂದು ಲೆಕ್ಕ ಮಾಡಿ ನೋಡೋಣ. 3 ಕಿಲೋವಾಟ್ ಘಟಕದ ಬೆಲೆ 1.80 ಲಕ್ಷ ಎಂದುಕೊಂಡು, ಶೇ 10ರಷ್ಟು, ಅಂದರೆ 18,000 ಕೈಯಿಂದ ಹಾಕಿ, ಮಿಕ್ಕ 1.62 ಲಕ್ಷಕ್ಕೆ ಶೇ 7ರ ಬಡ್ಡಿಯಲ್ಲಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 1,880 ರೂಪಾಯಿ. ತಿಂಗಳಿಗೆ 250 ಯೂನಿಟ್ ಬಳಸುವ ಮನೆಗೆ ಯೂನಿಟ್‌ಗೆ ಆರು ರೂಪಾಯಿಯಂತೆ ಉಳಿಯುವುದು 1,500ರ ಆಸುಪಾಸು. ಕಂತೇ ಉಳಿತಾಯಕ್ಕಿಂತ ದೊಡ್ಡದು! ಆದರೆ 78,000 ಬಂದ ಕೂಡಲೇ ಅದನ್ನು ಸಾಲಕ್ಕೆ ಜಮೆ ಮಾಡಿದರೆ ಉಳಿಯುವ ಅಸಲು 84,000ರಷ್ಟು. ಹತ್ತು ವರ್ಷಕ್ಕೆ ಹರಡಿದರೆ ಕಂತು ಸಾವಿರದೊಳಗೆ ಇಳಿಯುತ್ತದೆ, ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ ನಾಲ್ಕೂವರೆ ವರ್ಷದೊಳಗೆ ತೀರುತ್ತದೆ. ಸಹಾಯಧನ ಬಂದಾಗ ಕಂತು ಇಳಿಸುತ್ತೀರೋ ಅವಧಿ ತಗ್ಗಿಸುತ್ತೀರೋ ಎಂದು ಸಾಲಕ್ಕೆ ಸಹಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಆ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿದವರಿಗೆ ಸೋಲಾರ್ ದುಬಾರಿ ಎನಿಸುವುದು ಸಹಜ.

ದಾಖಲೆಗಳಲ್ಲಿ ಹೆಚ್ಚಿನವರನ್ನು ತಡೆಯುವುದು ಹೆಸರು. ಅರ್ಜಿದಾರರ ಹೆಸರು, ಬಿಲ್‌ನಲ್ಲಿರುವ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ಹೊಂದಬೇಕು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಇಂದಿಗೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಇದೆ. ಗ್ರಾಮ ಪಂಚಾಯಿತಿ ಅಥವಾ ನಗರಸಭೆಯಿಂದ ಮನೆಯ ಆಸ್ತಿ ಖಾತೆ ಬದಲಾವಣೆ ಮಾಡಿಸಿ, ಅದರ ಪ್ರತಿಯೊಂದಿಗೆ ಎಸ್ಕಾಂ ಉಪವಿಭಾಗದಲ್ಲಿ ಸಂಪರ್ಕದ ಹೆಸರನ್ನೂ ಬದಲಾಯಿಸಿಕೊಂಡು ನಂತರ ಅರ್ಜಿ ಹಾಕುವುದೇ ಜಾಣತನ.

ಅಂದ ಹಾಗೆ, ಸ್ಥಳೀಯ ಸಂಸ್ಥೆಗಳು ಮನೆಯವರಿಗೆ ನೇರವಾಗಿ ಹಣ ಕೊಡದಿದ್ದರೂ ಈ ಯೋಜನೆಯಲ್ಲಿ ಅವುಗಳಿಗೊಂದು ಪಾಲಿದೆ. ತಮ್ಮ ವ್ಯಾಪ್ತಿಯಲ್ಲಿ ಅಳವಡಿಕೆಯಾಗುವ ಪ್ರತಿ ಘಟಕಕ್ಕೂ ಪಂಚಾಯಿತಿ ಅಥವಾ ನಗರಸಭೆಗೆ 1,000 ರೂಪಾಯಿ ಪ್ರೋತ್ಸಾಹಧನ ಸಿಗುತ್ತದೆ. ಜಿಲ್ಲೆಗೊಂದರಂತೆ ಆಯ್ಕೆಯಾಗುವ ಮಾದರಿ ಸೌರ ಗ್ರಾಮಕ್ಕೆ 1 ಕೋಟಿ ರೂಪಾಯಿ ಇದೆ. ಆದ್ದರಿಂದ ಖಾತೆಯ ಕೆಲಸಕ್ಕೆ ಪಂಚಾಯಿತಿ ಕಚೇರಿಗೆ ಹೋದಾಗ ಈ ಮಾತನ್ನು ಪಿಡಿಒ ಅವರ ಕಿವಿಗೆ ಹಾಕುವುದರಲ್ಲಿ ಸಂಕೋಚ ಬೇಡ.

ಅರ್ಜಿ ಸಲ್ಲಿಸುವುದು ಪಿಎಂ ಸೂರ್ಯ ಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ. ರಾಜ್ಯ, ಎಸ್ಕಾಂ ಮತ್ತು ಬಿಲ್‌ನಲ್ಲಿರುವ ಗ್ರಾಹಕರ ಸಂಖ್ಯೆಯನ್ನು ಕೊಟ್ಟು ನೋಂದಾಯಿಸಿಕೊಳ್ಳಬೇಕು. 2024ರ ನಿಯಮ ತಿದ್ದುಪಡಿಯ ನಂತರ 10 ಕಿಲೋವಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಇಲ್ಲದ ಕಾರಣ ಈ ಹಂತ ಬೇಗ ಮುಗಿಯುತ್ತದೆ. ಆಮೇಲೆ ಘಟಕ ಅಳವಡಿಸಲು ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರನ್ನೇ ಆರಿಸಿ. ಕನಿಷ್ಠ ಮೂವರಿಂದ ದರಪಟ್ಟಿ ತರಿಸಿ, ಅದರಲ್ಲಿ ಫಲಕ, ಇನ್ವರ್ಟರ್, ಕಬ್ಬಿಣದ ಚೌಕಟ್ಟು, ಅರ್ಥಿಂಗ್ ಇವುಗಳನ್ನು ಬಿಡಿಬಿಡಿಯಾಗಿ ಬರೆಸಿ. ಫಲಕದ ಕೋಶಗಳೂ ಭಾರತದಲ್ಲೇ ತಯಾರಾಗಿದ್ದರೆ ಮಾತ್ರ ಸಹಾಯಧನ ಸಿಗುತ್ತದೆಯಾದ್ದರಿಂದ ‘ಡಿಸಿಆರ್ ಫಲಕ’ ಎಂಬ ಪದ ಒಪ್ಪಂದದಲ್ಲಿ ಕಾಣಲೇಬೇಕು. ಐದು ವರ್ಷದ ನಿರ್ವಹಣೆಯೂ ಅಳವಡಿಸಿದವರದೇ ಹೊಣೆ.

ಜಾಲಕ್ಕೆ ಜೋಡಿಸಿದ ಈ ಘಟಕ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ ಹರಿದು ಅಪಾಯವಾಗದಿರಲೆಂದೇ ಆ ವ್ಯವಸ್ಥೆ. ಬ್ಯಾಟರಿ ಬೇಕೆಂದರೆ ಅದರ ಖರ್ಚು ಪೂರ್ತಿ ನಮ್ಮದು.

ಅಳವಡಿಕೆ ಮುಗಿದ ಮೇಲೆ ಘಟಕದ ವಿವರಗಳನ್ನು ಪೋರ್ಟಲ್‌ಗೆ ಏರಿಸಿ ನೆಟ್ ಮೀಟರ್‌ಗೆ ಕೋರಿಕೆ ಸಲ್ಲಿಸಬೇಕು. ಎಸ್ಕಾಂ ಪರಿಶೀಲನೆಯಾಗಿ ಚಾಲನಾ ವರದಿ ಪೋರ್ಟಲ್‌ನಲ್ಲಿ ಮೂಡಿದ ನಂತರ ಬ್ಯಾಂಕ್ ವಿವರ ಮತ್ತು ರದ್ದುಪಡಿಸಿದ ಚೆಕ್ ಹಾಕಿದರೆ, ಸಹಾಯಧನ ಸಾಮಾನ್ಯವಾಗಿ 30 ದಿನಗಳೊಳಗೆ ಬರುತ್ತದೆ. ಇಷ್ಟಾದ ಮೇಲೆ ಬರುವ ಮೊದಲ ಬಿಲ್‌ನಲ್ಲಿ ಆಮದು ಮತ್ತು ರಫ್ತಿನ ಯೂನಿಟ್‌ಗಳು ಬೇರೆಬೇರೆಯಾಗಿ ನಮೂದಾಗಿವೆಯೇ ಎಂದು ನೋಡಿ, ಮೀಟರಿನ ಅಂಕಿಗಳೊಡನೆ ಹೋಲಿಸಿ. ಎರಡರಲ್ಲಿ ಒಂದು ಕಾಣದಿದ್ದರೂ ಅದೇ ವಾರ ಉಪವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.