ತೊಗಲುಗೊಂಬೆಗಳ ಟ್ರಂಕು ಮತ್ತು ಶನಿವಾರದ ತರಗತಿ

ಧಾರವಾಡದ ಒಂದು ಖಾಸಗಿ ಸಾಂಸ್ಕೃತಿಕ ಸಂಸ್ಥೆಯಲ್ಲಿ ಕಾರ್ಯಕ್ರಮ ಸಂಯೋಜಕಿಯಾಗಿ ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ, 2023ರ ಜುಲೈ ತಿಂಗಳಲ್ಲಿ ನಾನು ಕ್ಯುರೇಟಿಂಗ್, ಎಂದರೆ ಪ್ರದರ್ಶನದಲ್ಲಿ ಏನನ್ನು ಹೇಗೆ ಇಡಬೇಕೆಂದು ರೂಪಿಸುವ ವಿಷಯದ ಒಂದು ಅರೆಕಾಲಿಕ ಡಿಪ್ಲೊಮಾಕ್ಕೆ ಸೇರಿಕೊಂಡೆ. ಅಷ್ಟು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಚಿತ್ರಪ್ರದರ್ಶನಗಳಿಗೆ ಸಭಾಂಗಣ ಸಿದ್ಧಪಡಿಸಿದ್ದೆ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದ್ದೆ, ಗೋಡೆಗೆ ಮೊಳೆ ಹೊಡೆಸಿದ್ದೆ, ಉದ್ಘಾಟಕರಿಗೆ ಹಾರ ತರಿಸಿದ್ದೆ. ಆದರೆ ಈ ಚಿತ್ರದ ಪಕ್ಕದಲ್ಲಿ ಆ ಚಿತ್ರವೇ ಏಕೆ ಇರಬೇಕು ಎಂಬ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆ ಮೊದಲು ಮೂಡಿದ್ದು 2019ರ ಆರಂಭದಲ್ಲಿ, ಅನಿತಾ ದುಬೆ ಅವರು ಕ್ಯುರೇಟ್ ಮಾಡಿದ್ದ ಕೊಚ್ಚಿ ಬಿನಾಲೆಯನ್ನು, ಎರಡು ವರ್ಷಕ್ಕೊಮ್ಮೆ ನಡೆಯುವ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನವನ್ನು, ನೋಡಲು ಹೋದಾಗ. ಅಲ್ಲಿನ ಆ್ಯಸ್ಪಿನ್‌ವಾಲ್ ಹೌಸ್‌ನ ಹಳೆಯ ಕೋಣೆಗಳಲ್ಲಿ ನಡೆಯುತ್ತಾ ಹೋದ ಹಾಗೆ, ಯಾವುದು ಮೊದಲು ಕಾಣುತ್ತದೆ, ಯಾವುದು ಆಮೇಲೆ ಕಾಣುತ್ತದೆ ಎಂಬುದನ್ನು ಯಾರೋ ಬಹಳ ದಿನ ಕುಳಿತು ಯೋಚಿಸಿದ್ದಾರೆಂದು ಅರಿವಾಯಿತು. ಹಾಗೆ ಯೋಚಿಸುವುದನ್ನು ಕಲಿಯಬೇಕೆಂಬ ಆಸೆ ಅಂದಿನಿಂದ ಮನಸ್ಸಿನಲ್ಲಿ ಉಳಿಯಿತು.

ಪೂರ್ಣಾವಧಿಯ ಓದು ನನಗೆ ಸಾಧ್ಯವಿರಲಿಲ್ಲ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದ ಮ್ಯೂಸಿಯಾಲಜಿ (ವಸ್ತುಸಂಗ್ರಹಾಲಯ ಶಾಸ್ತ್ರ) ವಿಭಾಗವಿದೆ. ದೆಹಲಿಯಲ್ಲಿ 1989ರಲ್ಲಿ ಆರಂಭವಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಿಕ್ಷಣ ಸಂಸ್ಥೆಯಿತ್ತು. ಇಂತಹ ಕಡೆ ಓದಬೇಕೆಂದರೆ ಎರಡು ವರ್ಷ ಊರು ಬಿಟ್ಟು ಹೋಗಬೇಕು. ಏಳನೆಯ ತರಗತಿಯ ಮಗಳು, ಮನೆಸಾಲದ ಕಂತು ಮತ್ತು ನಾನೇ ಪ್ರೀತಿಯಿಂದ ಕಟ್ಟಿಕೊಂಡ ಕೆಲಸ, ಈ ಮೂರನ್ನೂ ಬಿಟ್ಟು ಹೋಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನು ಆರಿಸಿಕೊಂಡ ಡಿಪ್ಲೊಮಾದಲ್ಲಿ ಶನಿವಾರ ಸಂಜೆ ಆನ್‌ಲೈನ್ ತರಗತಿಗಳಿದ್ದವು, ತಿಂಗಳಿಗೊಮ್ಮೆ ಎರಡು ದಿನ ಬೆಂಗಳೂರಿನಲ್ಲಿ ಮುಖಾಮುಖಿ ಪಾಠವಿತ್ತು. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವುದು, ಭಾನುವಾರ ರಾತ್ರಿ ಅದೇ ಗಾಡಿಯಲ್ಲಿ ಹೊರಟು ಸೋಮವಾರ ನೇರವಾಗಿ ಕಚೇರಿಗೆ ಹೋಗುವುದು ಒಂದು ಕ್ರಮವಾಯಿತು.

ಸೇರುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಇದೇ ದಾರಿಯಲ್ಲಿ ಬರುವವರಿಗೆ ವಿಶೇಷವಾಗಿ ಹೇಳಬೇಕು. ಸಂಸ್ಥೆಯ ಕಾರ್ಯದರ್ಶಿಗಳಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾಗದೆ, ಒಂದು ಪತ್ರ ಬರೆದು ಒಪ್ಪಿಗೆ ಪಡೆದೆ. ತಿಂಗಳಲ್ಲಿ ಒಂದು ಶನಿವಾರ ಸಂಬಳವಿಲ್ಲದ ರಜೆ, ಉಳಿದ ಶನಿವಾರಗಳಂದು ಸಂಜೆ ಐದಕ್ಕೆ ಬಿಡುಗಡೆ, ಮತ್ತು ನಮ್ಮ ಸಂಗ್ರಹದ ವಸ್ತುಗಳನ್ನೂ ರಿಜಿಸ್ಟರ್‌ಗಳನ್ನೂ ನನ್ನ ಅಧ್ಯಯನಕ್ಕೆ ಬಳಸಿಕೊಳ್ಳಲು ಅನುಮತಿ ಎಂಬ ಮೂರು ಬೇಡಿಕೆಗಳು ಅದರಲ್ಲಿದ್ದವು. ಮೂರನೆಯ ಬೇಡಿಕೆಯೇ ಮುಂದೆ ನನ್ನನ್ನು ಕಾಪಾಡಿತು. ಏಕೆಂದರೆ ಓದಿನ ಭಾಗವಾಗಿ ನಾವು ಕೆಲಸ ಮಾಡುವ ಸಂಸ್ಥೆಯ ಪ್ರದರ್ಶನ ಪದ್ಧತಿಯನ್ನೇ ವಿಮರ್ಶಿಸಿ ಬರೆಯಬೇಕಾಗುತ್ತದೆ. ಒಪ್ಪಿಗೆ ಇಲ್ಲದೆ ಹಾಗೆ ಬರೆದಿದ್ದರೆ ಅದು ಬೆನ್ನ ಹಿಂದಿನ ದೂರಿನಂತೆ ಕಾಣುತ್ತಿತ್ತು.

ಓದುವ ಸಮಯವೆಂದರೆ ಬೆಳಿಗ್ಗೆ ಐದರಿಂದ ಆರೂವರೆ. ರಾತ್ರಿ ಓದಲು ಮಾಡಿದ ಪ್ರಯತ್ನ ಮೂರು ವಾರವೂ ನಡೆಯಲಿಲ್ಲ. ಓದಬೇಕಾದ ಲೇಖನಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವುಗಳಲ್ಲಿ ಹಲವು ಅನಗತ್ಯವಾಗಿ ಕಠಿಣವಾಗಿದ್ದವು ಎಂದು ನಾನು ಈಗಲೂ ನಂಬುತ್ತೇನೆ. ಪ್ರತಿ ಲೇಖನವನ್ನೂ ಓದಿ ಮುಗಿಸಿದ ಮೇಲೆ ಅದರ ವಾದವನ್ನು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಅರ್ಧ ಪುಟ ಬರೆಯುವ ನಿಯಮ ಮಾಡಿಕೊಂಡೆ; ಕನ್ನಡದಲ್ಲಿ ಬರೆಯಲು ಬಾರದ ವಾದ ನನಗೆ ಅರ್ಥವಾಗಿಲ್ಲವೆಂದು ತಿಳಿದು ಮತ್ತೆ ಓದುತ್ತಿದ್ದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ 1969ರ ಪ್ರದರ್ಶನ, ಜರ್ಮನಿಯ ಡಾಕ್ಯುಮೆಂಟಾ ಎಂಬ ಕಲಾಪ್ರದರ್ಶನದ 1972ರ ಆವೃತ್ತಿ, ಇವೆರಡನ್ನೂ ರೂಪಿಸಿದ ಹರಾಲ್ಡ್ ಝೀಮನ್ ಎಂಬ ಸ್ವತಂತ್ರ ಕ್ಯುರೇಟರ್‌ನ ಉದಯ, ಇವೆಲ್ಲ ಪರೀಕ್ಷೆಗೆ ಬೇಕಾಗಿದ್ದವು, ಓದಿದೆ. ಮನಸ್ಸಿಗೆ ನಾಟಿದ್ದು ನಮ್ಮ ದೇಶದ ಎರಡು ಸಂಗತಿಗಳು. ಒಂದು, 1982ರಲ್ಲಿ ಆರಂಭವಾದ ಭೋಪಾಲದ ಭಾರತ ಭವನದಲ್ಲಿ ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಅವರು ಆದಿವಾಸಿ ಹಾಗೂ ಜನಪದ ಕಲೆಯನ್ನು ನಗರದ ಆಧುನಿಕ ಕಲೆಯೊಂದಿಗೆ ಒಂದೇ ಸೂರಿನಡಿ, ಸಮಾನ ಗೌರವದಿಂದ ಇಟ್ಟದ್ದು. ಇನ್ನೊಂದು, 1998ರಲ್ಲಿ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಜ್ಯೋತೀಂದ್ರ ಜೈನ್ ಅವರು ಐವರು ಜನಪದ ಮತ್ತು ಆದಿವಾಸಿ ಕಲಾವಿದರನ್ನು, ಗಂಗಾದೇವಿ, ಜಂಗಢ್ ಸಿಂಗ್ ಶ್ಯಾಮ್, ಜಿವ್ಯಾ ಸೋಮಾ ಮಶೆ, ಸೋನಾಬಾಯಿ, ನೀಲಮಣಿದೇವಿ ಎಂದು ಅವರವರ ಹೆಸರಿನಿಂದಲೇ ಪ್ರತ್ಯೇಕ ಕಲಾವಿದರಾಗಿ ಮುಂದಿಟ್ಟದ್ದು. ಆ ತರಗತಿ ಮುಗಿದ ಸೋಮವಾರ ನಾನು ಕಚೇರಿಗೆ ಹೋಗಿ ಮೊದಲು ತೆರೆದದ್ದು ನಮ್ಮ ಉಗ್ರಾಣದಲ್ಲಿದ್ದ ತೊಗಲುಗೊಂಬೆಗಳ ಟ್ರಂಕನ್ನು.

ಟ್ರಂಕಿನಲ್ಲಿ ಮೂವತ್ತನಾಲ್ಕು ಗೊಂಬೆಗಳಿದ್ದವು. ಒಂದರ ಮೇಲೊಂದು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟಿದ್ದರಿಂದ ಕೆಲವಕ್ಕೆ ಪತ್ರಿಕೆಯ ಮಸಿ ಹತ್ತಿತ್ತು, ಕೆಲವು ಮಳೆಗಾಲದ ಬೂಷ್ಟಿನ ಕಲೆ ಹೊತ್ತಿದ್ದವು, ಕೆಲವು ಬೇಸಗೆಯ ಒಣ ಹವೆಗೆ ಮುರುಟಿದ್ದವು. ರಿಜಿಸ್ಟರ್‌ನಲ್ಲಿ ಪ್ರತಿಯೊಂದರ ಎದುರಿಗೂ ಒಂದೇ ಸಾಲು: ‘ತೊಗಲುಗೊಂಬೆ, 1, ಧಾರವಾಡ ಜಿಲ್ಲೆ’ ಅಥವಾ ‘ರಾಯಚೂರು ಜಿಲ್ಲೆ’. ನಮೂದುಗಳು 1978ರವು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿಗಳೂ ರಾಯಚೂರಿನಿಂದ ಕೊಪ್ಪಳವೂ ಬೇರೆಯಾದ ಮೇಲೆ ಆ ಒಂದು ಸಾಲಿನಿಂದ ಗೊಂಬೆಯ ಊರನ್ನು ಹುಡುಕುವುದು ಇನ್ನಷ್ಟು ಕಷ್ಟವಾಗಿತ್ತು. ಆರು ಗೊಂಬೆಗಳನ್ನು ನಾನೇ ಈ ಮೊದಲು ಎರಡು ಸಲ, ಗಾಜಿನ ಚೌಕಟ್ಟಿನೊಳಗೆ, ಬಿಳಿ ಗೋಡೆಯ ಮೇಲೆ ತೂಗುಹಾಕಿ ‘ಅಜ್ಞಾತ ಕಲಾವಿದ’ ಎಂದು ಫಲಕ ಬರೆಸಿದ್ದೆ. ಡಿಪ್ಲೊಮಾದ ಅಂತಿಮ ಯೋಜನೆಯಾಗಿ ಮಾಡಬೇಕಿದ್ದ ಪ್ರದರ್ಶನಕ್ಕೆ ಬೇರೆ ವಿಷಯ ಹುಡುಕುವ ಅಗತ್ಯ ಬೀಳಲಿಲ್ಲ.

ಇಲ್ಲಿ ಒಂದು ಮಾತು. ಕರ್ನಾಟಕದ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ ಕ್ಯುರೇಟರ್ ಎಂಬುದು ಹಳೆಯ ಹುದ್ದೆಯ ಹೆಸರು. ಸಂಗ್ರಹದ ರಕ್ಷಣೆ, ದಾಖಲಾತಿ, ಲೆಕ್ಕ ಅವರ ಹೊಣೆ. ನಮ್ಮ ತರಗತಿಯಲ್ಲಿ ಅದೇ ಪದ ಹೆಚ್ಚಾಗಿ ಪ್ರದರ್ಶನದ ಹಿಂದಿನ ವಿಚಾರವನ್ನು ರೂಪಿಸುವವರನ್ನು ಸೂಚಿಸುತ್ತಿತ್ತು. ಟ್ರಂಕನ್ನು ತೆರೆದ ಮೇಲೆ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು ತಪ್ಪೆಂದು ನನಗೆ ಖಚಿತವಾಯಿತು. ಬೂಷ್ಟು ಒರೆಸದೆ, ಪತ್ರಿಕೆಯ ಬದಲು ಆಮ್ಲರಹಿತ ಕಾಗದ ಹಾಸದೆ, ಊರು ಪತ್ತೆಮಾಡದೆ ಗೊಂಬೆಗಳ ಬಗ್ಗೆ ವಿಚಾರ ಮಂಡಿಸಲು ನನಗೆ ಹಕ್ಕಿರಲಿಲ್ಲ.

ಬೆಂಗಳೂರಿಗೆ ಹೋದ ವಾರಾಂತ್ಯಗಳಲ್ಲಿ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆ ಸಂಗ್ರಹವನ್ನು, ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಬೆಳೆದ ಸಂಗ್ರಹವದು, ಮತ್ತೆ ಮತ್ತೆ ನೋಡಿದೆ. ಒಮ್ಮೆ ರಾಮನಗರದಲ್ಲಿ ಇಳಿದು ಜಾನಪದ ಲೋಕಕ್ಕೂ ಹೋಗಿ ಬಂದೆ. ಆದರೆ ದಿಕ್ಕು ಬದಲಿಸಿದ್ದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹಿರಿಯರು. ಕಿಳ್ಳೇಕ್ಯಾತ ಸಮುದಾಯದ ಅವರ ಮನೆತನ ತಲೆಮಾರುಗಳಿಂದ ಆಟ ಆಡಿಸಿಕೊಂಡು ಬಂದಿದೆ. ನಮ್ಮ ಗೊಂಬೆಗಳ ಫೋಟೊಗಳನ್ನೂ ಹಿಂದಿನ ಪ್ರದರ್ಶನದ ಚಿತ್ರಗಳನ್ನೂ ಅವರ ಮುಂದೆ ಹರಡಿ, “ಅಜ್ಜಾರ, ಇವು ಯಾರ ಕೈಯಾಗಿನವು ಅಂತ ಗುರುತು ಹಿಡೀತೀರೇನ್ರಿ?” ಎಂದು ಕೇಳಿದೆ. ಅವರು ಗುರುತಿಗಿಂತ ಮೊದಲು ನೋಡಿದ್ದು ಬಿಳಿ ಗೋಡೆಯನ್ನು. “ಗ್ವಾಡಿಗೆ ಹಚ್ಚಿದ್ರ ಇದು ಬರೇ ತೊಗಲ ಆಗತೈತ್ರಿ ಅಕ್ಕಾರ. ಬೆಳಕಿಗೆ ಹಿಡೀರಿ, ಆಗ ಮಾತಾಡತೈತಿ,” ಎಂದರು. ತಮ್ಮದೊಂದು ಗೊಂಬೆಯನ್ನು ಬಾಗಿಲಿನ ಬಿಸಿಲಿಗೆ ಹಿಡಿದು ತೋರಿಸಿದಾಗ, ಕೆರೆದು ತೆಳುವಾಗಿಸಿದ ತೊಗಲಿನ ಮೂಲಕ ಕೆಂಪು ಬಣ್ಣ ಉರಿದೆದ್ದಿತು, ಉಳಿಯಿಂದ ಕೊರೆದ ರಂಧ್ರಗಳು ಒಡವೆಗಳಾದವು. ತೊಗಲುಗೊಂಬೆಯ ಬಣ್ಣವನ್ನು ಹಿಂದಿನಿಂದ ಬರುವ ದೀಪಕ್ಕಾಗಿ, ಪರದೆಯ ಈಚೆ ಕುಳಿತವರಿಗಾಗಿ ಹಾಕಿರುತ್ತಾರೆ. ಮುಂದಿನಿಂದ ಬೆಳಕು ಬಿಟ್ಟು ನಾನು ಎರಡು ಸಲ ತೋರಿಸಿದ್ದು ಮುಚ್ಚಿದ ಪುಸ್ತಕವನ್ನು.

ಇಲ್ಲಿಂದ ನಿಜವಾದ ತೊಡಕು ಆರಂಭವಾಯಿತು. ಬಣ್ಣ ಹಾಕಿದ ತೊಗಲು, ಕಾಗದ, ಬಟ್ಟೆಗಳಂತಹ ಬೆಳಕಿಗೆ ಸೂಕ್ಷ್ಮವಾದ ವಸ್ತುಗಳಿಗೆ ಸಂರಕ್ಷಣೆಯವರು ಸಾಮಾನ್ಯವಾಗಿ ಹೇಳುವ ಮಿತಿ 50 ಲಕ್ಸ್; ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆಯೇ ಲಕ್ಸ್. ನಾನು ಲಕ್ಸ್ ಮೀಟರ್ ಇಟ್ಟು ನೋಡಿದಂತೆ, ನಮ್ಮ ಗೊಂಬೆಗಳ ಹಿಂದೆ 50 ಲಕ್ಸ್ ಬೆಳಕು ಬಿಟ್ಟರೆ ಪರದೆಯ ಈಚೆಗೆ ಮಂಕು ನೆರಳು ಮಾತ್ರ ಬರುತ್ತಿತ್ತು; ಬಣ್ಣ ಏಳಲು ಸುಮಾರು 300 ಲಕ್ಸ್ ಬೇಕಾಗಿತ್ತು. ಪ್ರಾಧ್ಯಾಪಕರೊಬ್ಬರು ಇಲ್ಲಿ ನನಗೆ ಕಲಿಸಿದ ಲೆಕ್ಕವನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಬಣ್ಣ ಮಾಸುವುದು ಬೆಳಕಿನ ತೀವ್ರತೆಯೊಂದರಿಂದಲೇ ಅಲ್ಲ, ತೀವ್ರತೆಯನ್ನು ಹೊತ್ತಿನಿಂದ ಗುಣಿಸಿದ ಮೊತ್ತದಿಂದ. ದಿನಕ್ಕೆ ಎಂಟು ಗಂಟೆ 50 ಲಕ್ಸ್ ಎಂದರೆ 400 ಲಕ್ಸ್-ಗಂಟೆ. 300 ಲಕ್ಸ್ ಬೆಳಕನ್ನು ದಿನಕ್ಕೆ ಎಂಬತ್ತು ನಿಮಿಷ ಮಾತ್ರ ಬಿಟ್ಟರೂ ಮೊತ್ತ ಅಷ್ಟೇ. ಆದ್ದರಿಂದ ಎಲ್‌ಇಡಿ ಫಲಕಗಳಿಗೆ ಟೈಮರ್ ಜೋಡಿಸಿ, ಹನ್ನೆರಡು ನಿಮಿಷಕ್ಕೊಮ್ಮೆ ಎರಡು ನಿಮಿಷ ಬೆಳಕು ಬರುವಂತೆ, ಉಳಿದ ಹೊತ್ತು ಕತ್ತಲಿರುವಂತೆ ಮಾಡಿದೆವು. ಎಲ್‌ಇಡಿಯಿಂದ ನೇರಳಾತೀತ ಕಿರಣಗಳು ತೀರ ಕಡಿಮೆ. ಶಾಖ ತೊಗಲಿಗೆ ತಾಗದಿರಲೆಂದು ಫಲಕಗಳನ್ನು ದೂರವೇ ಇಟ್ಟೆವು. ಈ ವ್ಯವಸ್ಥೆಯ ಖರ್ಚು ನಾವು ಹಿಂದೆ ಗಾಜಿನ ಚೌಕಟ್ಟುಗಳಿಗೆ ಮಾಡಿದ್ದಕ್ಕಿಂತ ಕಡಿಮೆಯಾಯಿತು.

ನಡುವೆ ಒಂದು ಹಿನ್ನಡೆಯೂ ಆಯಿತು. ಎರಡನೆಯ ಅವಧಿಯ ಪ್ರಬಂಧವನ್ನು ಜನವರಿಯಲ್ಲಿ ಒಪ್ಪಿಸಬೇಕಿತ್ತು. ಸಾಂಸ್ಕೃತಿಕ ಸಂಸ್ಥೆಗಳಲ್ಲಿ ದುಡಿಯುವವರಿಗೆಲ್ಲ ಗೊತ್ತಿರುವಂತೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಉತ್ಸವ, ಸಮ್ಮೇಳನ, ನಾಟಕಗಳ ಹಂಗಾಮು. ಆ ದಿನಗಳಲ್ಲಿ ನನಗೆ ಬೆಳಗಿನ ಒಂದೂವರೆ ಗಂಟೆಯೂ ಉಳಿಯಲಿಲ್ಲ. ಪ್ರಬಂಧ ತಪ್ಪಿತು, ಒಂದು ಅವಧಿಯನ್ನು ಹೆಚ್ಚುವರಿಯಾಗಿ ಓದಬೇಕಾಯಿತು. ಅರೆಕಾಲಿಕ ಎಂದು ಹೇಳಿಕೊಳ್ಳುವ ಪಠ್ಯಕ್ರಮವೂ ವಿದ್ಯಾರ್ಥಿಯ ಕೆಲಸದ ಹಂಗಾಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನ್ನ ಗಂಭೀರ ಆಕ್ಷೇಪ. ಸೇರುವ ಮೊದಲೇ ಪ್ರಬಂಧಗಳ ದಿನಾಂಕಗಳನ್ನು ಕೇಳಿ ಪಡೆದು, ಕಚೇರಿಯ ವರ್ಷದ ಕಾರ್ಯಕ್ರಮಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ್ದರೆ ಈ ನಷ್ಟ ತಪ್ಪುತ್ತಿತ್ತು. ವಿಳಂಬದಿಂದ ಒಂದು ಅನುಕೂಲವೂ ಆಯಿತೆನ್ನಬೇಕು. ಮೂಲ ವೇಳಾಪಟ್ಟಿಯಂತೆ ಪ್ರದರ್ಶನ ಜುಲೈಯಲ್ಲಿ ನಡೆಯಬೇಕಿತ್ತು, ಮತ್ತು ಧಾರವಾಡದ ಜುಲೈ ಮಳೆಯಲ್ಲಿ ತೊಗಲನ್ನು ಹೊರಗೆ ತೆಗೆಯುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ಪ್ರದರ್ಶನ 2024ರ ನವೆಂಬರ್‌ಗೆ, ದೀಪಾವಳಿ ಕಳೆದ ಮರುವಾರಕ್ಕೆ ಹೋಯಿತು.

ಫಲಕಗಳನ್ನು ಬರೆಯಲು ನನಗೆ ಪ್ರದರ್ಶನದ ಬೇರೆಲ್ಲ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು. ಮೊದಲ ಕರಡನ್ನು ತರಗತಿಗಾಗಿ ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದೆ. ಮಗಳು ಓದಿ, “ಅಮ್ಮಾ, ಇದು ಪಾಠದ ಪುಸ್ತಕದ ಹಾಗಿದೆ,” ಎಂದಳು. ಅವಳ ಮಾತು ಸರಿಯಾಗಿತ್ತು. ಎಲ್ಲವನ್ನೂ ಬದಿಗಿಟ್ಟು ಕನ್ನಡದಲ್ಲಿಯೇ ಮೊದಲು ಬರೆದೆ, ಒಂದು ಫಲಕಕ್ಕೆ ಅರವತ್ತು ಪದ ಮೀರದಂತೆ, ಗೊಂಬೆಯಲ್ಲಿ ಕಣ್ಣಿಗೆ ಕಾಣುವ ಒಂದು ವಿವರದಿಂದಲೇ ಆರಂಭಿಸಿ. ಗೊಂಬೆಯಾಟದ ಹಾಸ್ಯಪಾತ್ರಗಳ ಜೋಡಿಯಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಫಲಕದಲ್ಲಿ ಕಥೆ ಹೇಳದೆ, ಬಂಗಾರಕ್ಕನ ಕೈಕೀಲನ್ನು ನೋಡಲು ಹೇಳಿದೆ.

‘ಅಜ್ಞಾತ ಕಲಾವಿದ’ ಎಂಬ ಮಾತಿನ ಬಗ್ಗೆ ನಾನು ತರಗತಿಯಲ್ಲಿ ಒಂದು ಪೂರ್ಣ ಪ್ರಬಂಧವನ್ನೇ ಮಂಡಿಸಿದೆ. ಆ ಗೊಂಬೆ ಮಾಡಿದವರನ್ನು ಅವರ ಊರಿನಲ್ಲಿ ಎಲ್ಲರೂ ಬಲ್ಲವರಾಗಿದ್ದರು. ಗೊಂಬೆಯನ್ನು ಕೊಂಡವರು ಹೆಸರು ಕೇಳಲಿಲ್ಲ, ರಿಜಿಸ್ಟರ್ ಬರೆದವರು ಅದಕ್ಕೊಂದು ಅಂಕಣ ಮಾಡಲಿಲ್ಲ. ಲೋಪ ನಮ್ಮದಾಗಿರುವಾಗ, ಅಜ್ಞಾತತೆಯನ್ನು ಕಲಾವಿದರ ಗುಣವೆಂಬಂತೆ ಬರೆಯುವುದು ಅನ್ಯಾಯ. ನಾವು ಫಲಕಗಳಲ್ಲಿ ‘ಮಾಡಿದವರ ಹೆಸರನ್ನು ನಮ್ಮ ಸಂಸ್ಥೆ ದಾಖಲಿಸಿಲ್ಲ’ ಎಂದು ಬರೆದೆವು. ಆಡಳಿತ ಮಂಡಳಿಯ ಸದಸ್ಯರೊಬ್ಬರು, ನಮ್ಮ ತಪ್ಪನ್ನು ನಾವೇ ಗೋಡೆಯ ಮೇಲೆ ಬರೆಯಬೇಕೆ ಎಂದು ಕೇಳಿದರು. ಬರೆಯಬೇಕೆಂದು ನಾನು ಹೇಳಿದೆ. ಆರಂಭದಲ್ಲಿ ಪಡೆದ ಒಪ್ಪಿಗೆಪತ್ರವನ್ನು ಮುಂದಿಟ್ಟು ಒಂದು ಗಂಟೆ ಮಾತಾಡಿದ ಮೇಲೆ ಅವರು ಒಪ್ಪಿದರು.

ಪ್ರದರ್ಶನ ಒಂಬತ್ತು ದಿನ ನಡೆಯಿತು. ಬೆಳಕು ಆರಿದಾಗ ಹೊರಟುಹೋಗುತ್ತಾರೆಂದು ನಾನು ಹೆದರಿದ್ದೆ, ಆದರೆ ಬಂದವರು ನೆಲದ ಜಮಖಾನೆಯ ಮೇಲೆ ಕುಳಿತು ಮುಂದಿನ ಸರದಿಗೆ ಕಾಯುತ್ತಿದ್ದರು. ಕೊನೆಯ ದಿನ ಕೊಪ್ಪಳದ ಹಿರಿಯರು ಮಗ ಮತ್ತು ಸೊಸೆಯೊಂದಿಗೆ ಬಂದರು, ಅವರ ಪ್ರಯಾಣದ ಖರ್ಚನ್ನೂ ಗೌರವಧನವನ್ನೂ ನಾವು ಪ್ರದರ್ಶನದ ಬಜೆಟ್ಟಿನಲ್ಲಿ ಮೊದಲೇ ಎತ್ತಿಟ್ಟಿದ್ದೆವು. ಅವರು ಮೂವತ್ತನಾಲ್ಕು ಗೊಂಬೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಅಂಚಿನ ಕೊರೆತವನ್ನು ಬೆರಳಿನಿಂದ ಸವರಿ, ಏಳು ಗೊಂಬೆಗಳನ್ನು ಬೇರೆ ಇಟ್ಟರು. ನಾಲ್ಕು ಅವರ ಸೋದರಮಾವನ ಕೈಯವು, ಮೂರು ಪಕ್ಕದ ಊರಿನ ಇನ್ನೊಂದು ಮನೆತನದವು ಎಂದರು. ರಿಜಿಸ್ಟರ್‌ನಲ್ಲಿ ‘ಮಾಡಿದವರು’ ಎಂಬ ಹೊಸ ಅಂಕಣ ಗೆರೆ ಎಳೆದು, ಅವರೆದುರಿಗೇ ಆ ಹೆಸರುಗಳನ್ನು, ಯಾರು ಗುರುತಿಸಿದರು, ಯಾವ ದಿನ ಎಂಬುದರ ಸಹಿತ ಬರೆದೆ. ಉಳಿದ ಇಪ್ಪತ್ತೇಳರ ಫೋಟೊಗಳನ್ನು ತೆಗೆದುಕೊಂಡು ಈಗ ತಿಂಗಳಿಗೊಂದು ಭಾನುವಾರ ಗದಗ, ಹಾವೇರಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೇನೆ.