ಹಿಂದಿನ ಸೀಟಿನ ತಲೆದಿಂಬು

ನನ್ನನ್ನು ರಾತ್ರಿ ಬಸ್ಸಿಗೆ ಚಾಲಕನಾಗಿ ಹಾಕಿದ ವಾರ ಅಮ್ಮ ಒಂದು ಚೀಟಿ ಬರೆದುಕೊಟ್ಟರು. ಬೈಬಲಿನ 121ನೇ ಕೀರ್ತನೆಯ ಮಾತು: ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ. ಅದನ್ನು ಸ್ಟೀರಿಂಗ್ ಎದುರಿಗೆ ಅಂಟಿಸಿಕೊಂಡೆ. ಆ ಬಸ್ಸಿನಲ್ಲಿ ಮೊದಲಿದ್ದ ಚಾಲಕರು ಕಟೀಲು ದುರ್ಗಾಪರಮೇಶ್ವರಿಯ ಪಟ ಇಟ್ಟಿದ್ದರು. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಬಸ್ಸು ನನ್ನ ಸ್ವಂತದ್ದಲ್ಲ, ಅದರಲ್ಲಿ ಮಲಗುವ ನಲವತ್ತು ಜನರ ನಂಬಿಕೆಯೂ ಒಂದೇ ಅಲ್ಲ. ಬಸ್ಸು ಬದಲಾದಾಗ ನನ್ನ ಚೀಟಿಯನ್ನಷ್ಟೇ ಕಿತ್ತು ಹೊಸದಕ್ಕೆ ಅಂಟಿಸುತ್ತಿದ್ದೆ.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಬಿ.ಸಿ. ರೋಡ್, ಕಲ್ಲಡ್ಕ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ. ಅಲ್ಲಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಆಮೇಲೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಘಾಟಿಯಲ್ಲಿ ನನಗೆ ಎಂದೂ ನಿದ್ರೆ ಬಂದದ್ದಿಲ್ಲ, ಅಲ್ಲಿ ಭಯವೇ ಎಚ್ಚರ ಇಟ್ಟಿರುತ್ತದೆ. ಅಪಾಯವಿರುವುದು ಹಾಸನ ದಾಟಿದ ಮೇಲಿನ ನೇರ ರಸ್ತೆಯಲ್ಲಿ, ಬೆಳಗಿನ ಜಾವ ಮೂರು ಗಂಟೆಯ ನಂತರ.

ಕೆಲಸಕ್ಕೆ ಸೇರಿದ ನಾಲ್ಕನೆಯ ತಿಂಗಳು ಅಲ್ಲಿಯೇ ನನ್ನ ಕಣ್ಣು ಮುಚ್ಚಿತು. ಎಷ್ಟು ಹೊತ್ತು ಎಂದು ಇಂದಿಗೂ ಗೊತ್ತಿಲ್ಲ. ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಮಣ್ಣಿಗಿಳಿದ ಸದ್ದಿಗೆ ಎಚ್ಚರವಾಯಿತು. ಬಸ್ಸನ್ನು ರಸ್ತೆಗೆ ತಂದು ನಿಲ್ಲಿಸಿದಾಗ ಕಾಲು ನಡುಗುತ್ತಿತ್ತು. ಹಿಂದೆ ಒಬ್ಬ ಪ್ರಯಾಣಿಕರಿಗೂ ಎಚ್ಚರವಾಗಿರಲಿಲ್ಲ. ಎದುರಿಗೆ ಅಮ್ಮನ ಚೀಟಿ.

ಮುಂದಿನ ಭಾನುವಾರ ಚರ್ಚಿನ ಸಭೆಯಲ್ಲಿ ಇದನ್ನೇ ದೇವರ ಕೃಪೆಗೆ ಸಾಕ್ಷಿಯಾಗಿ ಹೇಳಿದೆ. ನಾನು ತೂಕಡಿಸಿದರೂ ಆತನು ತೂಕಡಿಸಲಿಲ್ಲ ಎಂದಾಗ ಎಲ್ಲರೂ ಸ್ತೋತ್ರ ಎಂದರು, ನನಗೂ ಹೆಮ್ಮೆಯೆನಿಸಿತು. ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಕೇಳಿದರು: "ಆ ದಿನ ಹಗಲು ಎಷ್ಟು ಹೊತ್ತು ಮಲಗಿದ್ದೆ?"

ಮಲಗಿರಲಿಲ್ಲ. ಹೆಂಡತಿಯ ಕಡೆಯವರ ಮದುವೆಯಿತ್ತು, ಊಟ ಮುಗಿಸಿ ನೇರವಾಗಿ ಡಿಪೋಗೆ ಬಂದಿದ್ದೆ. ಅದನ್ನೇ ಹೇಳಿದೆ.

"ಹಾಗಾದರೆ ನಿನ್ನ ಸಾಕ್ಷಿ ಇನ್ನೂ ಅರ್ಧವೇ ಆಗಿದೆ. ಮನೆಗೆ ಹೋಗಿ ಎಲೀಯನದ್ದನ್ನು ಓದು" ಎಂದರು.

ಒಂದನೆಯ ಅರಸುಗಳು, 19ನೇ ಅಧ್ಯಾಯ. ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ, ರಾಣಿಯೊಬ್ಬಳ ಬೆದರಿಕೆಗೆ ಅಂಜಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ಬೋಧನೆಯನ್ನು ಎಷ್ಟೋ ಸಲ ಕೇಳಿದ್ದೆ, ಆದರೆ ಕಿವಿಯಲ್ಲಿ ಉಳಿದದ್ದು ಆಮೇಲಿನ ಗಾಳಿ, ಭೂಕಂಪ, ಬೆಂಕಿ, ಕೊನೆಗೆ ಬಂದ ಆ ಮೆಲ್ಲನೆಯ ಶಬ್ದ. ಅದಕ್ಕೂ ಮೊದಲು ಏನಾಯಿತು ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟನು. ದೂತನೊಬ್ಬ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ, ತಿನ್ನು, ನೀನು ಹೋಗಬೇಕಾದ ದಾರಿ ಬಹಳ ದೂರವಿದೆ ಎಂದ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ರಾತ್ರಿ ಪಾಳಿ ಇದ್ದ ದಿನ ಹಗಲು ಆರು ಗಂಟೆ ನಿದ್ರೆ. ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಮೊಬೈಲ್ ಹೆಂಡತಿಯ ಕೈಯಲ್ಲಿ. ನೆಂಟರು ಬಹಳ ಬೇಸರ ಮಾಡಿಕೊಂಡರು, ಕೆಲವರು ಇನ್ನೂ ಮಾತನಾಡುವುದಿಲ್ಲ. ಕಾಯುವವನು ಎಚ್ಚರವಿದ್ದಾನೆ ಎಂದು ನಿಜವಾಗಿ ನಂಬುವವನು ಹಗಲು ಕಣ್ಣು ಮುಚ್ಚಲು ಹೆದರಬಾರದು. ನನಗೆ ಬಂದ ಮೊದಲ ಪ್ರಾರ್ಥನೆ ಅದೇ ಎನ್ನಬಹುದು. ಮಂಡಿಯೂರಿದ್ದಲ್ಲ, ಮಗ್ಗುಲು ಮಲಗಿದ್ದು.

ಇನ್ನು ಎಚ್ಚರವಿದ್ದಾಗಿನ ವಿಷಯ. ಆರಂಭದ ಒಂದೆರಡು ವರ್ಷ ನಾನು ಮಾಡುತ್ತಿದ್ದುದು ಶುದ್ಧ ಮೂರ್ಖತನ. ದೇವರು ಈಗ ಜೊತೆಗಿದ್ದಾನೆಯೇ ಎಂದು ಮತ್ತೆ ಮತ್ತೆ ಒಳಗೆ ಇಣುಕಿ ನೋಡುತ್ತಿದ್ದೆ. ಎದೆ ಬೆಚ್ಚಗಾದರೆ ಇದ್ದಾನೆ, ಬರೀ ಹಸಿವಾಗುತ್ತಿದ್ದರೆ ಇಲ್ಲ. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಹತ್ತು ಕಿಲೋಮೀಟರಿಗೊಮ್ಮೆ ಎಳೆದು ನೋಡುವ ಚಾಲಕ ಊರು ಸೇರುತ್ತಾನೆಯೇ? ಅದನ್ನು ನೋಡಬೇಕಾದರೆ ಬಸ್ಸು ನಿಲ್ಲಿಸಬೇಕು.

ಈ ಕಷ್ಟವನ್ನು ಹೇಳಿಕೊಂಡಾಗ ಸಭಾಪಾಲಕರು ಬ್ರದರ್ ಲಾರೆನ್ಸ್ ಎಂಬವರ ಕಥೆ ಹೇಳಿದರು. ಹದಿನೇಳನೆಯ ಶತಮಾನದವರು, ಮೊದಲು ಸೈನಿಕ, ಆಮೇಲೆ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಒಂದು ಮಠದಲ್ಲಿ ಅಡುಗೆಯವರು. ಪಾತ್ರೆಗಳ ಗದ್ದಲದ ನಡುವೆಯೂ, ಮಂಡಿಯೂರಿದಾಗಲೂ ಅವರಿಗೆ ದೇವರು ಒಂದೇ ರೀತಿ ಹತ್ತಿರವಂತೆ. ಕಾಯಕದ ಮಾತು ಕೇಳುತ್ತಲೇ ಬೆಳೆದ ಕನ್ನಡಿಗನಿಗೆ ಇದೇನೂ ಅಪರಿಚಿತವಲ್ಲ. ಆದರೂ ಅಡುಗೆಯವರಿಗೆ ಒಂದು ಅನುಕೂಲವಿತ್ತು ಎಂದು ನನಗೆ ಅನ್ನಿಸಿತು. ಅವರ ಪಾತ್ರೆಗೆ ಪ್ರಪಾತವಿರಲಿಲ್ಲ. ಡೋಣಿಗಾಲ್ ತಿರುವಿನಲ್ಲಿ ಎದುರಿನಿಂದ ಟ್ಯಾಂಕರ್ ಬರುವಾಗ ನಾನು ಪ್ರಾರ್ಥನೆಯ ಪದ ಹುಡುಕುತ್ತಾ ಕೂತರೆ ಎಲ್ಲರೂ ಕಂದಕಕ್ಕೆ.

ಹಾಗಾಗಿ ಮಾತುಗಳನ್ನು ರಸ್ತೆಗೆ ಹಂಚಿಬಿಟ್ಟೆ. ಹೊರಡುವ ಮೊದಲು ಬಸ್ಸನ್ನು ಒಂದು ಸುತ್ತು ಹಾಕಿ, ಟೈರು ಬಡಿದು, ಬ್ರೇಕಿನ ಗಾಳಿ ಏರುವುದನ್ನು ಕಾಯುವಾಗ ಒಂದೇ ಮಾತು: ನೀನಿದ್ದೀ. ಪಾಣೆಮಂಗಳೂರಿನ ಸೇತುವೆಯ ಮೇಲೆ ಮನೆಯವರನ್ನು ಹೆಸರು ಹಿಡಿದು ಒಪ್ಪಿಸುತ್ತೇನೆ. ಕುಮಾರಧಾರೆ ಬಂದು ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯಲ್ಲಿ ಆ ದಿನ ಯಾರೊಡನೆ ಜಗಳವಾಡಿದ್ದೆನೋ ಅದನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ದಿನ ನೆಲ್ಯಾಡಿ ಬಂದರೂ ಪಟ್ಟಿ ಮುಗಿಯುವುದಿಲ್ಲ. ಗುಂಡ್ಯದಲ್ಲಿ, ಇನ್ನು ಮಾತಿಲ್ಲ, ನಾನು ಬಸ್ಸು ನೋಡಿಕೊಳ್ಳುತ್ತೇನೆ ಎಂದು ಹೇಳಿ ಸುಮ್ಮನಾಗುತ್ತೇನೆ. ಘಾಟಿಯಲ್ಲಿ ಗೇರು, ಬ್ರೇಕು, ಮಂಜು, ಅಷ್ಟೇ. ಸಕಲೇಶಪುರದಲ್ಲಿ ಹೇಮಾವತಿ ದಾಟುವಾಗ ಸ್ತೋತ್ರ. ಹಾಸನದಲ್ಲಿ ಇಳಿದು ಮುಖ ತೊಳೆದು ಚಹಾ. ಅಲ್ಲಿಂದ ಮುಂದೆ ಕನ್ನಡಿಯಲ್ಲಿ ಕಾಣುವ ತಲೆಗಳಿಗಾಗಿ, ಒಂದೊಂದಾಗಿ. ಕೆಮ್ಮುವ ಅಜ್ಜ, ಸಂದರ್ಶನಕ್ಕೆಂದು ಇಸ್ತ್ರಿ ಹಾಕಿದ ಅಂಗಿಯನ್ನು ಮೊಳೆಗೆ ತೂಗುಹಾಕಿದ ಹುಡುಗ. ಹೆಸರು ಗೊತ್ತಿಲ್ಲದಿದ್ದರೆ ಸೀಟ್ ನಂಬರ್.

ವಿಚಿತ್ರವೆಂದರೆ, ಮಾತಿಲ್ಲದ ಆ ಘಾಟಿಯ ಹೊತ್ತೇ ನಿಧಾನವಾಗಿ ನನಗೆ ಅತ್ಯಂತ ಆಪ್ತವಾಯಿತು. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಸಂಜೆ ಹೊತ್ತು ಒಂದೇ ಜಗಲಿಯಲ್ಲಿ ಒಂದು ಗಂಟೆ ಮಾತಿಲ್ಲದೆ ಕೂರುತ್ತಿದ್ದರು. ಅದು ಜಗಳವಲ್ಲ ಎಂದು ತಿಳಿಯಲು ನನಗೆ ಮೀಸೆ ಬರಬೇಕಾಯಿತು.

2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಅದರ ಹಿಂದಿನ ದಿನಗಳಲ್ಲಿ ಒಂದು ರಾತ್ರಿ ನಾವು ಕೆಂಪುಹೊಳೆಯ ಬಳಿ ಸಾಲಿನಲ್ಲಿ ಸಿಕ್ಕಿಕೊಂಡೆವು. ಒಂದು ಕಡೆ ಮಣ್ಣು ಜಾರುವ ಗುಡ್ಡ, ಇನ್ನೊಂದು ಕಡೆ ಹೊಳೆಯ ಆರ್ಭಟ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆ ರಾತ್ರಿ ನನಗೆ ದೇವರ ಸುಳಿವೇ ಇರಲಿಲ್ಲ. ಕಂಡಕ್ಟರ್ ಹಿಂದಿನ ಉದ್ದ ಸೀಟಿನಲ್ಲಿ ತನ್ನ ಪುಟ್ಟ ತಲೆದಿಂಬು ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ನನಗೆ ಸಿಟ್ಟೇ ಬಂತು.

ಆಗ ನೆನಪಾದದ್ದು ಮಾರ್ಕನ ಸುವಾರ್ತೆಯ ದೋಣಿ. ಬಿರುಗಾಳಿ, ದೋಣಿಯೊಳಗೆ ನೀರು, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಒರಗಿ ನಿದ್ರೆಯಲ್ಲಿ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಎಬ್ಬಿಸುತ್ತಾರೆ. ತೂಕಡಿಸದವನು ಎಂದು ಕೀರ್ತನೆ ಹೇಳುತ್ತದೆ, ನಿದ್ರಿಸುತ್ತಿದ್ದನು ಎಂದು ಸುವಾರ್ತೆ ಹೇಳುತ್ತದೆ. ನಾಲ್ಕು ಗಂಟೆ ಆ ಸಾಲಿನಲ್ಲಿ ಇದನ್ನೇ ಮಗುಚಿ ಹಾಕಿದೆ, ಎರಡನ್ನೂ ಹೊಂದಿಸಲು ಆಗಲಿಲ್ಲ. ಒಂದು ಮಾತ್ರ ಹೊಳೆಯಿತು: ಮಲಗಿದ್ದರೂ ಆತ ಇದ್ದದ್ದು ಅದೇ ದೋಣಿಯಲ್ಲಿ, ದಡದಲ್ಲಲ್ಲ. ನೀರು ನುಗ್ಗಿದರೆ ಆತನೂ ನೆನೆಯುತ್ತಿದ್ದ. ನನಗೆ ಸೀಟಿಯ ಸದ್ದು ಕೇಳುತ್ತಿರಲಿಲ್ಲ ಎಂದ ಮಾತ್ರಕ್ಕೆ ಕಂಡಕ್ಟರ್ ಬಸ್ಸಿನಿಂದ ಇಳಿದುಹೋಗಿರಲಿಲ್ಲವಲ್ಲ. ಅಷ್ಟರಿಂದ ಭಯ ಹೋಯಿತು ಎಂದರೆ ಸುಳ್ಳು. ಸಿಟ್ಟು ಇಳಿಯಿತು.

ಅಮ್ಮ ತೀರಿಕೊಂಡದ್ದು ಅದರ ಮರುವರ್ಷ. ಸಂಜೆ ಹೊರಡುವಾಗ ಗಂಜಿ ಕುಡಿದು ಚೆನ್ನಾಗಿಯೇ ಇದ್ದರು. ಘಾಟಿಯಲ್ಲಿ ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಹಾಸನದ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದಾಗ ಹದಿಮೂರು ಕರೆಗಳು ತಪ್ಪಿಹೋಗಿದ್ದವು. ಹೇಮಾವತಿಯ ಮೇಲೆ ನಾನು ಸ್ತೋತ್ರ ಹೇಳಿದ ಹೊತ್ತಿಗೆ ಅಲ್ಲಿ ಎಲ್ಲವೂ ಮುಗಿದಿತ್ತು. ಆ ಪದ ಬಾಯಲ್ಲಿ ಕಹಿಯಾಗಿ ಉಳಿಯಿತು.

ಬದಲಿ ಚಾಲಕ ಬರಲು ಒಂದೂವರೆ ಗಂಟೆ ಎಂದರು. ಪ್ರಯಾಣಿಕರು ಗೊಣಗಲಿಲ್ಲ, ಯಾರೋ ವಿಷಯ ಹೇಳಿರಬೇಕು. ಕಂಡಕ್ಟರ್ ನನ್ನ ತೋಳು ಹಿಡಿದು ಹಿಂದಿನ ಉದ್ದ ಸೀಟಿಗೆ ಕರೆದುಕೊಂಡು ಹೋದ, ಆ ಪುಟ್ಟ ತಲೆದಿಂಬು ಕೊಟ್ಟ. ಪ್ರಾರ್ಥಿಸಲು ನೋಡಿದೆ, ಬರಲಿಲ್ಲ. ಕತ್ತಲೆಯಲ್ಲೇ ಮುಗಿಯುವ 88ನೇ ಕೀರ್ತನೆ ಒಂದಿದೆ, ಕೊನೆಯ ಸಾಲಿನಲ್ಲೂ ಬೆಳಕಿಲ್ಲ. ಅದೂ ಪ್ರಾರ್ಥನೆಯೇ ಎಂದು ಇಟ್ಟಿದ್ದಾರಲ್ಲ ಎಂದುಕೊಂಡೆ. ಅಷ್ಟರಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಅಮ್ಮ ಸತ್ತ ರಾತ್ರಿ ನನಗೆ ನಿದ್ರೆ ಬಂತು.

ಯಾರೋ ಭುಜ ತಟ್ಟಿದರು. ಕಂಡಕ್ಟರ್ ಒಂದು ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬನ್ನು, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವನು ಪ್ರತಿ ಸಂಕ್ರಮಣಕ್ಕೆ ಕಟೀಲಿಗೆ ಹೋಗುವವನು, ಎಲೀಯನ ಹೆಸರನ್ನೂ ಕೇಳಿದವನಲ್ಲ.

"ಏಳಿ ಅಣ್ಣಾ, ಇಷ್ಟು ತಿನ್ನಿ. ಊರಿಗೆ ಇನ್ನೂ ತುಂಬಾ ದೂರವಿದೆ" ಎಂದ.

ಎದ್ದು ತಿಂದೆ.